ಸ್ಕೇಲ್ ಹಿಡಿದು ಸ್ಪ್ರೆಡ್ ಓದುವುದು: ಸಂಗೀತ ಪತ್ರಿಕೆಗಳ ಪುಟವಿನ್ಯಾಸದ ಜೊತೆ ನನ್ನ ಅನುಭವ

ಸಂಗೀತ ಪತ್ರಿಕೆಯ ವಿಶೇಷ ಲೇಖನದ ಜೋಡಿಪುಟವನ್ನು (ಎದುರುಬದುರು ತೆರೆದುಕೊಳ್ಳುವ ಎರಡು ಪುಟ, ಅಂದರೆ ಸ್ಪ್ರೆಡ್) ವಿಶ್ಲೇಷಿಸುವಾಗ ‘ಫೋಟೊ ಆಕರ್ಷಕವಾಗಿದೆ’ ಎಂದು ಬರೆದರೆ ಏನೂ ಹೇಳಿದಂತಾಗುವುದಿಲ್ಲ. ನಾನು ಮೊದಲು ಅಳೆಯುತ್ತೇನೆ, ಅರ್ಥ ಆಮೇಲೆ. ನಾನು ಇಟ್ಟುಕೊಂಡದ್ದು ಬ್ರಿಟನ್ನಿನ ಎರಡು ಪತ್ರಿಕೆ: 1981ರಲ್ಲಿ ಶುರುವಾದ ಕೆರಾಂಗ್, 1993ರಲ್ಲಿ ಬಂದ ಮೋಜೊ.

ಒಂದೊಂದರದ್ದೂ ಐದು ಸಂಚಿಕೆ ಬೇಕು. ಒಂದೇ ಸಂಚಿಕೆಯಲ್ಲಿ ಕಂಡದ್ದು ಆ ವಿನ್ಯಾಸಕನ ಆ ಹೊತ್ತಿನ ಇಷ್ಟವಿರಬಹುದು. ಐದರಲ್ಲಿ ನಾಲ್ಕರಲ್ಲಿ ಬಂದರೆ ರೂಢಿ. ಐದೂ ಒಂದೇ ಕಾಲದವಾಗಿರಲಿ. ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್ 2008ರಲ್ಲಿ ತನ್ನ ದೊಡ್ಡ ಆಕಾರ ಬಿಟ್ಟು ಚಿಕ್ಕದಾಯಿತು; ಅದರ ಹಿಂದಿನ, ಮುಂದಿನ ಪುಟಗಳನ್ನು ಬೆರೆಸಿದರೆ ಅಳತೆಗಳೆಲ್ಲ ಸುಳ್ಳಾಗುತ್ತವೆ.

ಪುಟದ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ ಕಾಲಂ, ಫೋಟೊ, ಶೀರ್ಷಿಕೆ, ಇಂಟ್ರೊ (ಶೀರ್ಷಿಕೆಯ ಕೆಳಗಿನ ಪೀಠಿಕೆ ಸಾಲು), ಬೈಲೈನ್ (ಲೇಖಕರ ಹೆಸರು), ಪುಲ್ ಕೋಟ್ (ಲೇಖನದಿಂದ ಎತ್ತಿ ದೊಡ್ಡದಾಗಿ ಹಾಕಿದ ಮಾತು), ಪುಟಸಂಖ್ಯೆ ಎಲ್ಲದರ ಅಂಚು ಎಳೆಯುತ್ತೇನೆ. ಎ4 ಪುಟದಲ್ಲಿ ಎರಡೂ ಬದಿ 15 ಮಿ.ಮೀ. ಅಂಚು, ಕಾಲಂಗಳ ನಡುವೆ 5 ಮಿ.ಮೀ. ಬಿಟ್ಟರೆ ಮೂರು ಕಾಲಂಗೆ ಒಂದೊಂದು ಸುಮಾರು 57, ನಾಲ್ಕಕ್ಕೆ 41 ಮಿ.ಮೀ. ಸಿಗುತ್ತದೆ. ಎರಡೂ ಅಂಚು ಸಮ ಮಾಡಿದ ಬರಹದಲ್ಲಿ ಕಾಲಂ ಕಿರಿದಾದಷ್ಟೂ ಪದಗಳ ನಡುವೆ ಬಿಳಿ ಕಿಂಡಿಗಳು ಹೆಚ್ಚು.

ಸಾಲುಗಳ ಅಂತರ ಅಳೆಯುವಾಗ ಹೆಚ್ಚಿನವರು ತಪ್ಪುತ್ತಾರೆ. ಒಂದೇ ಅಂತರ ಅಳೆದು ಅರ್ಧ ಮಿ.ಮೀ. ತಪ್ಪಿದರೂ ಲೆಕ್ಕ 1.4 ಪಾಯಿಂಟ್ (ಅಚ್ಚಿನ ಅಳತೆ; ಒಂದು ಪಾಯಿಂಟ್ ಸುಮಾರು 0.353 ಮಿ.ಮೀ.) ಆಚೀಚೆ ಹೋಗುತ್ತದೆ. ಹನ್ನೊಂದು ಸಾಲು ಎಣಿಸಿ, ಮೊದಲ ಸಾಲಿನ ಅಡಿಗೆರೆಯಿಂದ (ಅಕ್ಷರಗಳು ಕೂರುವ ಕಾಣದ ಗೆರೆ) ಹನ್ನೊಂದನೆಯದರ ಅಡಿಗೆರೆಗೆ ಅಳೆದು, ಹತ್ತರಿಂದ ಭಾಗಿಸಿ, ಬಂದದ್ದನ್ನು 0.353ರಿಂದ ಭಾಗಿಸಬೇಕು. 39 ಮಿ.ಮೀ. ಬಂದರೆ 11 ಪಾಯಿಂಟ್. ಸ್ಕೇಲ್ ಅದೇ, ತಪ್ಪು ಮಾತ್ರ ಹತ್ತನೇ ಒಂದಕ್ಕೆ ಇಳಿಯುತ್ತದೆ.

ಫೋಟೊ ಎಷ್ಟು ಜಾಗ ತಿಂದಿದೆ ಎಂದು ತಿಳಿಯಲು 1 ಸೆಂ.ಮೀ. ಚೌಕ ಬರೆದ ಪಾರದರ್ಶಕ ಹಾಳೆ ಸಾಕು. ಎ4 ಜೋಡಿಪುಟದಲ್ಲಿ ಸುಮಾರು 1,250 ಚೌಕ. ಫೋಟೊ, ಶೀರ್ಷಿಕೆ-ಇಂಟ್ರೊ, ಬರಹ, ಖಾಲಿ ಎಂದು ಬೇರೆ ಬೇರೆ ಎಣಿಸಿ. ಫೋಟೊದ ಮೇಲೆಯೇ ಅಕ್ಷರವಿದ್ದರೆ ಆ ಚೌಕವನ್ನು ಫೋಟೊಗೆ ಸೇರಿಸಿ, ಪಕ್ಕದಲ್ಲಿ ಗುರುತು ಹಾಕಿ. ಎರಡು ಕಡೆ ಎಣಿಸಿದರೆ ಶೇಕಡಾವಾರು ಮೊತ್ತ ನೂರು ದಾಟುತ್ತದೆ. ಆಮೇಲೆ ಗಾಯಕನ ಕಣ್ಣಿನಿಂದ ನೋಟದ ದಿಕ್ಕಿಗೆ ಗೆರೆ ಎಳೆಯಿರಿ. ಅದು ಓದುಗನತ್ತ ಬರುತ್ತದೋ, ಶೀರ್ಷಿಕೆಗೆ ತಾಗುತ್ತದೋ, ಪುಟದ ಆಚೆಗೆ ಹೋಗುತ್ತದೋ ನೋಡಿ. ನನ್ನ ಮಟ್ಟಿಗೆ ಇಡೀ ಸ್ಪ್ರೆಡ್‌ನಲ್ಲಿ ಅತಿ ಹೆಚ್ಚು ಮಾತಾಡುವ ಗೆರೆ ಇದು.

ನಡುವಿನ ಮಡಿಕೆ ಬಗ್ಗೆ ಎಚ್ಚರ. ಗಮ್ ಬೈಂಡಿಂಗ್ ಪತ್ರಿಕೆ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಒಳಅಂಚಿನ ಕೆಲವು ಮಿ.ಮೀ. ಮಡಿಕೆಯೊಳಗೇ ಉಳಿಯುತ್ತದೆ. ಹಾಗಾಗಿ ಹೊರಅಂಚಿನಿಂದಲೇ ಅಳೆಯಿರಿ. ಪಿನ್ ಹೊಡೆದ ಪತ್ರಿಕೆಯಲ್ಲಿ ನಟ್ಟನಡುವಿನ ಜೋಡಿಪುಟ ಮಾತ್ರ ಒಂದೇ ಹಾಳೆ. ಉಳಿದ ಕಡೆ ಎಡ-ಬಲ ಬೇರೆ ಹಾಳೆಗಳಾದ್ದರಿಂದ ಫೋಟೊದ ಎರಡು ಅರ್ಧ ಕೂದಲೆಳೆಯಷ್ಟು ಜರುಗಬಹುದು. ಮುಖವನ್ನು ಮಡಿಕೆಯಿಂದ ದೂರ ಇಡುವುದು, ಅಡ್ಡ ಹಾಯುವ ಶೀರ್ಷಿಕೆಯನ್ನು ಎರಡು ಪದಗಳ ನಡುವೆ ಒಡೆಯುವುದು ಇದಕ್ಕೇ. ಪಿಡಿಎಫ್‌ನಲ್ಲಿ ನೋಡುವವರು ಎರಡು ಪುಟದ ನೋಟದ ಜೊತೆ ಮುಖಪುಟ ಒಂಟಿಯಾಗಿ ಕಾಣುವ ಆಯ್ಕೆಯನ್ನೂ ಒತ್ತಬೇಕು. ಇಲ್ಲದಿದ್ದರೆ 2ನೇ ಪುಟ 1ರ ಜೋಡಿಯಾಗಿ, ಕೊನೆತನಕ ಎಲ್ಲ ಜೋಡಿಯೂ ತಪ್ಪುತ್ತದೆ.

ಇಷ್ಟಾದ ಮೇಲೆ ಅರ್ಥ. ಎಲೆಕ್ಟ್ರಿಕ್ ಗಿಟಾರ್ ಬಾರಿಸಿದ ಸದ್ದನ್ನೇ ಹೆಸರಾಗಿಸಿಕೊಂಡ ಕೆರಾಂಗ್‌ಗೆ ಬಿರುಕುಬಿಟ್ಟ ದಪ್ಪ ಅಕ್ಷರ ಸಹಜ. ಹಳೆಯ ಸಂಗೀತಗಾರರ ಕಥೆ ಹೇಳುವ ಮೋಜೊಗೆ ಹಳೆಯ ಫೋಟೊಗಳೇ ಬಂಡವಾಳ. ಯಾರು, ಎಲ್ಲಿ, ಯಾವಾಗ ಎಂದು ಹೇಳುವ ಅಡಿಬರಹ ಅಲ್ಲಿ ಬರಹದಷ್ಟೇ ಮುಖ್ಯ. ರೂಢಿಯನ್ನು ಬೇಕೆಂದೇ ಮುರಿದದ್ದಕ್ಕೆ ಅಮೆರಿಕದ ಸಂಗೀತ ಪತ್ರಿಕೆ ರೇ ಗನ್ ನೋಡಿ: 1994ರಲ್ಲಿ ಅದರ ವಿನ್ಯಾಸಕ ಡೇವಿಡ್ ಕಾರ್ಸನ್ ಒಂದು ಸಂದರ್ಶನವನ್ನು ಚಿಹ್ನೆಗಳೇ ತುಂಬಿದ ಡಿಂಗ್‌ಬ್ಯಾಟ್ಸ್ ಫಾಂಟ್‌ನಲ್ಲಿ ಕೂರಿಸಿದ್ದರು.

ಈ ರೂಢಿಗಳನ್ನು ಕನ್ನಡ ಪುಟಕ್ಕೆ ತರುವವರು ಡ್ರಾಪ್ ಕ್ಯಾಪ್ (ಲೇಖನದ ಮೊದಲಲ್ಲಿ ಹಲವು ಸಾಲಿನಷ್ಟು ದೊಡ್ಡದಾಗಿ ಕೂರಿಸುವ ಅಕ್ಷರ) ಮೇಲೆ ಕಣ್ಣಿಡಿ. ಇಂಗ್ಲಿಷಿನ ದೊಡ್ಡಕ್ಷರ ಮೂರನೇ ಸಾಲಿನ ಅಡಿಗೆರೆಯ ಮೇಲೆ ನೀಟಾಗಿ ಕೂರುತ್ತದೆ. ಲೇಖನ ‘ಸ್ವರ’ ಎಂದು ಶುರುವಾದರೆ ವಕಾರದ ಒತ್ತು ಕೆಳಗಿಳಿದು ನಾಲ್ಕನೇ ಸಾಲಿಗೆ ಬಡಿಯುತ್ತದೆ. ಮೂರು ಸಾಲಿನ ಅಕ್ಷರಕ್ಕೆ ನಾಲ್ಕು ಸಾಲಿನ ಜಾಗ ಬಿಡಿ, ಇಲ್ಲವೇ ಮೊದಲ ಪದ ಬದಲಿಸಿಕೊಡಲು ಲೇಖಕರನ್ನೇ ಕೇಳಿ.