ಗಿಟಾರ್ ಪೆಡಲ್ ಗುಂಯ್ ಅಂತಿದೆಯಾ? ಮೊದಲು ಕೂಲರ್ ಆರಿಸಿ ನೋಡಿ

ಎಲೆಕ್ಟ್ರಿಕ್ ಗಿಟಾರಿನ ತಂತಿಯಿಂದ ಕೈ ತೆಗೆದ ಮೇಲೂ ಆಂಪ್, ಅಂದರೆ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ, ಸುಮ್ಮನಾಗುವುದಿಲ್ಲ, ಗುಂಯ್ ಅಂತ ಕೊರೆಯುತ್ತಲೇ ಇರುತ್ತದೆ. ಪೆಡಲ್, ಅಂದರೆ ಗಿಟಾರಿಗೂ ಆಂಪ್‌ಗೂ ನಡುವೆ ಸೇರಿಸಿ ಕಾಲಲ್ಲಿ ಒತ್ತಿ ದನಿ ಬದಲಿಸುವ ಡಬ್ಬಿ, ಇಟ್ಟುಕೊಂಡವರಿಗೆಲ್ಲ ಈ ಕಾಟ ಗೊತ್ತು. ಹಾಗಂತ ತಕ್ಷಣ ನಾಯ್ಸ್ ಗೇಟ್ ಅನ್ನುವ ಪೆಡಲ್ ಕೊಳ್ಳಬೇಡಿ. ನುಡಿಸುವುದು ನಿಂತಾಗ ಅದು ಸದ್ದನ್ನು ಮುಚ್ಚುತ್ತದೆ ಅಷ್ಟೇ, ಮತ್ತೆ ನುಡಿಸಿದರೆ ಸದ್ದೂ ಜೊತೆಗೇ ಬರುತ್ತದೆ.

ಮೊದಲು ಒಂದು ನಿಮಿಷ ಸುಮ್ನೆ ಕೂತು ಕೇಳಿ. ದಪ್ಪನೆಯ ಗುಂಯ್ ಆದರೆ ಅದು ಕರೆಂಟಿನ ಸದ್ದು. ನಮ್ಮ ಮನೆ ಕರೆಂಟು 50 ಹರ್ಟ್ಜ್, ಹಾಗಾಗಿ ಈ ಗುಂಯ್ 50 ಇಲ್ಲವೇ 100 ಹರ್ಟ್ಜ್‌ನಲ್ಲಿ ಇರುತ್ತದೆ. ಸಣ್ಣಗೆ ಕೀಂ ಅಂದರೆ ಅಡಾಪ್ಟರ್ ಅಥವಾ ಡಿಜಿಟಲ್ ಪೆಡಲ್ ಮೇಲೆ ಅನುಮಾನ ಇಡಿ. ದೂರದಲ್ಲಿ ಮಳೆ ಬಂದ ಹಾಗೆ ಸುಸ್ ಅಂದರೆ ಗೇನ್ (ಗಿಟಾರಿನ ಸಣ್ಣ ಸಿಗ್ನಲ್ ಅನ್ನು ಹಿಗ್ಗಿಸುವ ನಾಬ್) ಜಾಸ್ತಿಯಾಗಿದೆ. ಚರಚರ ಅಂದರೆ ಕೇಬಲ್ಲು ಅಥವಾ ಅದನ್ನು ಚುಚ್ಚುವ ಜಾಕು.

ಈಗ ಪೆಡಲ್‌ಗಳನ್ನೆಲ್ಲ ಬಿಚ್ಚಿ ಗಿಟಾರನ್ನು ನೇರ ಆಂಪ್‌ಗೆ ಚುಚ್ಚಿ. ಗುಂಯ್ ಹಾಗೇ ಇದೆಯಾ? ತಪ್ಪು ಪೆಡಲಿನದಲ್ಲ, ಕೋಣೆಯದು, ಗಿಟಾರಿನದು, ಇಲ್ಲವೇ ಕೇಬಲ್ಲು, ಆಂಪಿನದು. ಕಲಬುರಗಿಯ ಏಪ್ರಿಲ್‌ನಲ್ಲಿ ಕೂಲರ್ ಇಲ್ಲದೆ ಯಾರು ಕೂರುತ್ತಾರೆ ಹೇಳಿ. ನಾನು ಎರಡು ಕೇಬಲ್ ಬದಲಿಸಿ, ಪೆಡಲ್ ಬಿಚ್ಚಿ ಜೋಡಿಸಿ ಸಾಕಾಗಿ ಕೂತಿದ್ದೆ. ಅಷ್ಟರಲ್ಲಿ ಅವ್ವ ನೀರು ತುಂಬಲು ಅಂತ ಕೂಲರಿನ ಸ್ವಿಚ್ ಆರಿಸಿದಳು, ಸದ್ದೂ ಅಲ್ಲೇ ನಿಂತಿತು! ಕೂಲರ್ ಮೋಟರು, ಫ್ಯಾನ್ ರೆಗ್ಯುಲೇಟರು, ಅಗ್ಗದ ಎಲ್‌ಇಡಿ ಬಲ್ಬು, ಪಕ್ಕದಲ್ಲಿಟ್ಟ ಫೋನು, ಒಂದೊಂದಾಗಿ ಆರಿಸುತ್ತಾ ಬನ್ನಿ. ಕರೆಂಟು ಹೋದಾಗ ಮಾತ್ರ ಸದ್ದು ಏಳುತ್ತದೆ ಅಂದರೆ ಇನ್ವರ್ಟರ್ ನೋಡಿ, ಸ್ಕ್ವೇರ್ ವೇವ್ ಇನ್ವರ್ಟರ್‌ಗಳಿಗೆ ಈ ಚಾಳಿ ಇದೆ. ಗಿಟಾರಿನ ಪಿಕಪ್ (ತಂತಿಯ ಅದಿರಾಟ ಹಿಡಿಯುವ ಭಾಗ) ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಆಗಿದ್ದರೆ ಕೂತಲ್ಲೇ ಮೆಲ್ಲಗೆ ತಿರುಗಿ, ಯಾವುದೋ ಒಂದು ದಿಕ್ಕಿಗೆ ಗುಂಯ್ ತಗ್ಗುತ್ತದೆ.

ಅರ್ಥಿಂಗ್ ವಿಷಯ ಸ್ವಲ್ಪ ಗಮನವಿಟ್ಟು ಓದಿ. ನಮ್ಮ ಕಡೆ ಬೇಸಿಗೆಗೆ ಎರೆ ಮಣ್ಣು ಬಿರುಕು ಬಿಡುತ್ತದೆ, ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಗುಂಡಿಗೆ ನೀರು ಹಾಕುವ ಪೈಪ್ ಇರುತ್ತದಲ್ವಾ, ಅದರಲ್ಲಿ ಆಗಾಗ ಒಂದೆರಡು ಬಕೆಟ್ ಸುರಿಯಿರಿ. ಗಿಟಾರಿನ ತಂತಿ ಮುಟ್ಟಿದಾಗ ಜುಮ್ ಅಂದರೆ ಮಾತ್ರ ನುಡಿಸುವುದನ್ನು ಅಲ್ಲೇ ನಿಲ್ಲಿಸಿ ಎಲೆಕ್ಟ್ರಿಷಿಯನ್‌ನ ಕರೆಸಿ. ಗುಂಯ್ ಹೋಗುತ್ತದೆ ಅಂತ ಪ್ಲಗ್ಗಿನ ಮೂರನೇ ಪಿನ್ ಮುರಿಯುವವರಿದ್ದಾರೆ, ದಯವಿಟ್ಟು ಆ ಕೆಲಸ ಮಾಡಬೇಡಿ, ಜೀವ ಹೋಗುತ್ತದೆ.

ಕೋಣೆ ಸರಿಯಿದೆ ಅಂದರೆ ಪೆಡಲ್‌ಗಳನ್ನು ಒಂದೊಂದಾಗಿ ಮತ್ತೆ ಸೇರಿಸಿ. ಯಾವುದು ಸೇರಿದಾಗ ಸದ್ದು ಬಂತೋ ಅದನ್ನು 9 ವೋಲ್ಟ್ ಬ್ಯಾಟರಿ ಮೇಲೆ ಓಡಿಸಿ ನೋಡಿ. ಬ್ಯಾಟರಿಯಲ್ಲಿ ಸದ್ದಿಲ್ಲ ಅಂದರೆ ಪೆಡಲ್ ಚೆನ್ನಾಗಿಯೇ ಇದೆ, ಕೆಟ್ಟದ್ದು ಪವರ್. ಒಂದೇ ಅಡಾಪ್ಟರಿನಿಂದ ಸರಪಳಿ ವೈರ್ ಎಳೆದು ಐದಾರು ಪೆಡಲ್‌ಗೆ ಕೊಡುತ್ತೇವೆ, ಅದರಲ್ಲೊಂದು ಡಿಜಿಟಲ್ ಡಿಲೇ (ಪ್ರತಿಧ್ವನಿ ಕೊಡುವ ಪೆಡಲ್) ಇದ್ದರೆ ಅದರ ಕೀಂ ಪಕ್ಕದ ಓವರ್‌ಡ್ರೈವ್‌ಗೂ (ದನಿಯನ್ನು ಗೊರಗೊರ ಮಾಡುವ ಪೆಡಲ್) ಹತ್ತುತ್ತದೆ, ಓವರ್‌ಡ್ರೈವ್ ಅದನ್ನು ಇನ್ನೂ ದೊಡ್ಡದು ಮಾಡುತ್ತದೆ. ಡಿಜಿಟಲ್ ಪೆಡಲ್‌ಗೆ ಬೇರೆ ಅಡಾಪ್ಟರ್ ಕೊಡಿ. ದುಡ್ಡು ಕೂಡಿಸಿ ಪ್ರತಿ ಪೆಡಲ್‌ಗೂ ಬೇರೆ ಬೇರೆಯಾಗಿ ಕರೆಂಟು ಕೊಡುವ ಐಸೋಲೇಟೆಡ್ ಪವರ್ ಸಪ್ಲೈ ಒಂದನ್ನು ಕೊಂಡರಂತೂ ಹೊಸ ಪೆಡಲ್‌ಗಿಂತ ಅದೇ ಜಾಸ್ತಿ ಉಪಯೋಗ ಅಂತ ನನ್ನ ಅನುಭವ. ಕೊಳ್ಳುವಾಗ ಪಿನ್ನಿನ ಪ್ಲಸ್ ಮೈನಸ್ ನೋಡಿ, ಹೆಚ್ಚಿನ ಪೆಡಲ್‌ಗಳಲ್ಲಿ ನಡುವಿನದು ಮೈನಸ್.

ಚರಚರಕ್ಕೆ ನಮ್ಮೂರಿನ ಧೂಳೂ ಕಾರಣ. ಪ್ಲಗ್ಗನ್ನು ಜಾಕಿನೊಳಗೆ ಅಲುಗಾಡಿಸಿ. ಸದ್ದು ಬಂದರೆ ಜಾಕಿನ ಸುತ್ತ ಇರುವ ನಟ್ ಸಡಿಲವಾಗಿದೆಯಾ ನೋಡಿ, ಒಳಗಿನ ಜಾಕ್ ತಿರುಗದ ಹಾಗೆ ಹಿಡಿದು ಬಿಗಿ ಮಾಡಿ, ಇಲ್ಲವಾದರೆ ವೈರ್ ತಿರುಚಿ ಬೆಸುಗೆ ಬಿಡುತ್ತದೆ. ನಾಬ್ ತಿರುಗಿಸುವಾಗ ಮಾತ್ರ ಚರಚರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ತೊಟ್ಟು ಹೊಡೆದು ಇಪ್ಪತ್ತು ಸಲ ಆಚೆ ಈಚೆ ತಿರುಗಿಸಿ.

ಸುಸ್ ಉಳಿದರೆ ಗೇನ್ ಇಳಿಸಿ, ಪೆಡಲಿನ ಲೆವೆಲ್ ಸ್ವಲ್ಪ ಏರಿಸಿ. ಇಷ್ಟಾದ ಮೇಲೂ ಗೇಟ್ ಬೇಕೇ ಬೇಕು ಅನಿಸಿದರೆ ಓವರ್‌ಡ್ರೈವ್ ಆದಮೇಲೆ, ಡಿಲೇಗಿಂತ ಮೊದಲು ಇಡಿ. ಡಿಲೇ ಆದಮೇಲೆ ಇಟ್ಟರೆ ಮೆಲ್ಲಗೆ ಕರಗಬೇಕಾದ ಪ್ರತಿಧ್ವನಿ ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ.