ಡ್ರಿಪ್ ಔಟ್ ಆದಾಗ ಕ್ಯಾನುಲಾ ಕೀಳಬೇಡಿ

ನಾಳಕ್ಕೆ ಹೋಗಬೇಕಾದ ಔಷಧಿ ಹೊರಗೆ ಸೋರಿ ಚರ್ಮದಡಿ ಸೇರುವುದೇ ಡ್ರಿಪ್ ಔಟ್. ಕ್ಯಾನುಲಾ ಎಂದರೆ ನಾಳದಲ್ಲಿ ಕೂರಿಸಿದ ಸಣ್ಣ ಕೊಳವೆ. "ಸಿಸ್ಟರ್, ಕೈ ಉರೀತಿದೆ" ಎಂದು ರೋಗಿ ಹೇಳಿದ ಕೂಡಲೇ ಡ್ರಿಪ್ ನಿಲ್ಲಿಸಿ. ಊತ ಕಾಣುತ್ತಿಲ್ಲ, ಸಿರಿಂಜಿನಿಂದ ಎಳೆದರೆ ರಕ್ತ ಬರುತ್ತಿದೆ ಎಂದು ಸುಮ್ಮನಾಗಬೇಡಿ. ರಕ್ತ ಬರುತ್ತಿದ್ದರೂ ನಾಳದ ಬಿರುಕಿನಿಂದ ಔಷಧಿ ಸೋರುತ್ತಿರಬಹುದು. ಪಂಪಿನ ಅಲಾರಂ ಕೂಡ ನೆಚ್ಚುವಂಥದ್ದಲ್ಲ. ಸಡಿಲ ಚರ್ಮದಡಿ ಒತ್ತಡ ಅಷ್ಟಾಗಿ ಏರುವುದಿಲ್ಲ, ಪಂಪ್ ಔಷಧಿಯನ್ನು ತಳ್ಳುತ್ತಲೇ ಇರುತ್ತದೆ. ಮಾತಾಡಲಾಗದ ರೋಗಿ, ಎಳೆಮಗು ಇದ್ದರೆ ಗಂಟೆಗೊಮ್ಮೆ ಎರಡೂ ಕೈ ಹೋಲಿಸಿ ನೋಡಿ.

ಬರೀ ಸಲೈನ್ ಹೊರಗೆ ಹೋದರೆ ಬಾವು ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಬಿಪಿ ಏರಿಸುವ ನಾರ್‌ಅಡ್ರಿನಲಿನ್, ಕ್ಯಾಲ್ಸಿಯಂ ಗ್ಲುಕೊನೇಟ್, ಪೊಟ್ಯಾಸಿಯಂ ಕ್ಲೋರೈಡ್, 50 ಪರ್ಸೆಂಟ್ ಡೆಕ್ಸ್‌ಟ್ರೋಸ್, ಫಿಟ್ಸ್ ತಡೆಯುವ ಫೆನಿಟಾಯಿನ್, ಕೀಮೋದ ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್ ಹಾಗಲ್ಲ. ಚರ್ಮವನ್ನೂ ಅದರ ಕೆಳಗಿನದನ್ನೂ ಸಾಯಿಸಬಲ್ಲವು.

ಗಾಬರಿಯಲ್ಲಿ ಕ್ಯಾನುಲಾ ಕಿತ್ತುಬಿಡುವುದೇ ದೊಡ್ಡ ತಪ್ಪು. ಸೋರಿದ್ದನ್ನು ವಾಪಸ್ ಎಳೆಯಲು ಸುಲಭದ ದಾರಿ ಅದೇ. ಟ್ಯೂಬ್ ಬಿಚ್ಚಿ, 2 ಎಂಎಲ್ ಸಿರಿಂಜ್ ಜೋಡಿಸಿ ನಿಧಾನವಾಗಿ ಎಳೆಯಿರಿ. ಎರಡು ಹನಿ ಬಂದರೂ ಲಾಭವೇ. ಫ್ಲಶ್ ಮಾಡಬೇಡಿ, ಒತ್ತಬೇಡಿ, ತಿಕ್ಕಬೇಡಿ. ವೈದ್ಯರನ್ನು ಕರೆಸಿ, ಪ್ರತ್ಯೌಷಧಿ (ಸೋರಿದ ಔಷಧಿಯ ವಿಷ ಮುರಿಯುವ ಮದ್ದು) ಅದೇ ಕ್ಯಾನುಲಾದಿಂದ ಬೇಡವೆಂದಾದ ಮೇಲೆ ತೆಗೆಯಿರಿ. ಬಣ್ಣ ಬದಲಾದ ಜಾಗದ ಅಂಚನ್ನು ಪೆನ್ನಿನಿಂದ ಗೆರೆ ಎಳೆದು ಗುರುತಿಸಿ, ಪಕ್ಕದಲ್ಲಿ ಸಮಯ ಬರೆಯಿರಿ, ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಎಷ್ಟು ಎಂಎಲ್ ಸೋರಿರಬಹುದು ಎಂಬುದೂ ಕೇಸ್‌ಶೀಟಿನಲ್ಲಿರಲಿ. ಕೈಯನ್ನು ದಿಂಬಿನ ಮೇಲೆ ಎತ್ತರಿಸಿಡಿ.

ಇನ್ನು ಐಸೋ, ಬಿಸಿಯೋ? ಎಲ್ಲ ಔಷಧಿಗೂ ಕಣ್ಣುಮುಚ್ಚಿ ಐಸ್ ಇಡುವ ರೂಢಿ ಬಿಡಬೇಕು, ಔಷಧಿ ನೋಡಿ ನಿರ್ಧರಿಸಬೇಕು. ಡಾಕ್ಸೊರುಬಿಸಿನ್ ಜೀವಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಆ ಕೋಶ ಸತ್ತರೆ ಬಿಡುಗಡೆಯಾಗಿ ಪಕ್ಕದ್ದನ್ನು ಹಿಡಿಯುತ್ತದೆ. ಹಾಗಾಗಿ ಹರಡದಂತೆ ತಣ್ಣಗಿಡಬೇಕು: ಬಟ್ಟೆ ಸುತ್ತಿದ ಐಸ್, 20 ನಿಮಿಷ, ದಿನಕ್ಕೆ 4 ಸಲ, ಒಂದೆರಡು ದಿನ. ವಿನ್‌ಕ್ರಿಸ್ಟಿನ್ ಹಾಗೆ ಅಂಟುವುದಿಲ್ಲ. ಅದನ್ನು ಹರಡಿ ತೆಳುವಾಗಿಸಿದರೆ ದೇಹ ಹೀರಿಕೊಳ್ಳುತ್ತದೆ. ಅದಕ್ಕೆ ಒಣ ಬಿಸಿ ಶಾಖ ಕೊಡಿ, ಐಸ್ ಇಟ್ಟರೆ ಗಾಯ ಹೆಚ್ಚುತ್ತದೆ. ಜೊತೆಗೆ ಸೋರಿದ್ದು ಹರಡಲು ನೆರವಾಗುವ ಕಿಣ್ವ ಹಯಲ್ಯುರೊನಿಡೇಸ್: ಎಂಎಲ್‌ಗೆ 150 ಯೂನಿಟ್‌ನಂತೆ ಕಲಸಿ, 0.2 ಎಂಎಲ್‌ನ ಐದು ಚುಚ್ಚುಮದ್ದು ಅಂಚಿನ ಸುತ್ತ ಚರ್ಮದಡಿಗೆ, ಪ್ರತಿ ಸಲ ಹೊಸ ಸಣ್ಣ ಸೂಜಿ. ಡೆಕ್ಸ್‌ಟ್ರೋಸ್, ಕ್ಯಾಲ್ಸಿಯಂ ಸೋರಿದರೂ ಇದನ್ನು ಬಳಸುತ್ತಾರೆ.

ನಾರ್‌ಅಡ್ರಿನಲಿನ್ ಸೋರಿದರೆ ಕ್ಯಾನುಲಾ ಸುತ್ತ ಚರ್ಮ ಸುಣ್ಣದಂತೆ ಬಿಳಿಚಿ, ಮುಟ್ಟಿದರೆ ತಣ್ಣಗಿರುತ್ತದೆ. ಬಿಪಿ ಬೀಳದಂತೆ ಮೊದಲು ಬೇರೆ ಲೈನಿನಲ್ಲಿ ಔಷಧಿ ಮುಂದುವರಿಸಿ. ಆಮೇಲೆ ರಕ್ತನಾಳ ಸಡಿಲಿಸುವ ಫೆಂಟೋಲಮಿನ್ 5ರಿಂದ 10 ಎಂಜಿಯನ್ನು 10 ಎಂಎಲ್ ಸಲೈನಿನಲ್ಲಿ ಬೆರೆಸಿ, ಬಿಳಿಚಿದ ಭಾಗಕ್ಕೆ ಸ್ವಲ್ಪಸ್ವಲ್ಪವೇ ಕೊಡಬೇಕು, 12 ಗಂಟೆಯೊಳಗೆ. ಕೆಲಸ ಮಾಡಿದರೆ ಕೆಂಪು ಬೇಗನೇ ಮರಳುತ್ತದೆ. ಇಲ್ಲಿಯೂ ಶಾಖವೇ, ಐಸ್ ರಕ್ತನಾಳವನ್ನು ಮತ್ತಷ್ಟು ಬಿಗಿಯುತ್ತದೆ.

ಡಾಕ್ಸೊರುಬಿಸಿನ್‌ಗೆ ಡೆಕ್ಸ್‌ರಜೋಕ್ಸೇನ್ ಎಂಬ ಪ್ರತ್ಯೌಷಧಿ ಇದೆ. 6 ಗಂಟೆಯೊಳಗೆ, ಇನ್ನೊಂದು ಕೈಯ ನಾಳಕ್ಕೆ: ಮೊದಲ ಎರಡು ದಿನ ದೇಹದ ಮೇಲ್ಮೈಯ ಚದರ ಮೀಟರಿಗೆ 1000 ಎಂಜಿ, ಮೂರನೇ ದಿನ 500. ಕೊಡುವ 15 ನಿಮಿಷ ಮೊದಲೇ ಐಸ್ ತೆಗೆಯಿರಿ, ಚರ್ಮಕ್ಕೆ ಹಚ್ಚುವ ದ್ರಾವಣ ಡಿಎಂಎಸ್‌ಒ ಹಚ್ಚಬೇಡಿ. ಊತಕ್ಕೆಂದು ಹಚ್ಚುವ ಮುಲಾಮುಗಳು ಇಂಥ ಔಷಧಿಯ ವಿಷ ಮುರಿಯುವುದಿಲ್ಲ.

ಬೆರಳು ಚಾಚಿಸಿದಾಗ ಜೀವ ಹೋಗುವಷ್ಟು ನೋವು, ಕೈ ಕಲ್ಲಿನಂತೆ ಬಿಗಿತ, ಜೋಮು ಇದ್ದರೆ ತಡಮಾಡದೆ ಸರ್ಜನ್‌ರನ್ನು ಕರೆಸಿ. ಡಾಕ್ಸೊರುಬಿಸಿನ್ ಗಾಯ ವಾರ ಕಳೆದ ಮೇಲೂ ಬಾಯಿ ಬಿಡಬಹುದು. ಮನೆಗೆ ಕಳಿಸುವಾಗ ಗೆರೆ ತೋರಿಸಿ ಹೇಳಿ: ಇದರಾಚೆ ಕೆಂಪು ಹರಡಿದರೆ, ಗುಳ್ಳೆ ಎದ್ದರೆ, ಕಪ್ಪಾದರೆ ಅಂದೇ ಬನ್ನಿ.