ಬಾಕಿ ಸಾಲವಿದ್ದಾಗ ಸೆಕ್ಯುರಿಟಿ ಕ್ಲಿಯರೆನ್ಸ್: ನನ್ನ ಅನುಭವ

ಅಮೆರಿಕದ ರಕ್ಷಣಾ ಇಲಾಖೆಯ ಗುತ್ತಿಗೆ ಕೆಲಸ ಮಾಡುವ ಸಂಸ್ಥೆಯೊಂದು ನನ್ನನ್ನು ಆಯ್ಕೆ ಮಾಡಿದಾಗ, ಎರಡು ಕ್ರೆಡಿಟ್ ಕಾರ್ಡುಗಳ ಬಾಕಿಯೂ ಒಂದು ಆಸ್ಪತ್ರೆಯ ಬಿಲ್ಲೂ ನನ್ನ ಹೆಸರಿನಲ್ಲಿ ವಸೂಲಿ ಏಜೆನ್ಸಿಗಳ ಕೈಸೇರಿದ್ದವು. ಹಿಂದಿನ ಕಂಪನಿ ನಮ್ಮ ವಿಭಾಗವನ್ನೇ ಮುಚ್ಚಿತ್ತು. ಕೆಲಸದೊಂದಿಗೆ ಆರೋಗ್ಯ ವಿಮೆಯೂ ಹೋದ ಆ ಹೊತ್ತಿನಲ್ಲೇ ಹೆಂಡತಿಗೆ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಹೊಸ ಕೆಲಸಕ್ಕೆ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ರಹಸ್ಯ ಮಾಹಿತಿ ನೋಡಲು ಸರ್ಕಾರ ಕೊಡುವ ಅನುಮತಿ, ಬೇಕಿತ್ತು. ಸಾಲವಿದ್ದವರಿಗೆ ಅದು ಸಿಗುವುದೇ ಇಲ್ಲವೆಂದು, ನನ್ನಂತೆಯೇ ಅಲ್ಲಿನ ಪೌರತ್ವ ಪಡೆದ ಕನ್ನಡದ ಸ್ನೇಹಿತರು ಹೆದರಿಸಿದ್ದರು.

ನಿಯಮ ಹಾಗೆ ಹೇಳುವುದಿಲ್ಲ. ಕ್ಲಿಯರೆನ್ಸ್ ಕೊಡಬೇಕೇ ಎಂದು ತೀರ್ಮಾನಿಸಲು 2017ರ ಜೂನ್ 8ರಿಂದ ಜಾರಿಯಲ್ಲಿರುವ 13 ಮಾನದಂಡಗಳಲ್ಲಿ 'ಎಫ್' ಎಂಬುದು ಹಣಕಾಸಿಗೆ ಸಂಬಂಧಿಸಿದ್ದು. ಇಷ್ಟು ಡಾಲರ್ ಸಾಲವಿದ್ದರೆ ಅನರ್ಹ ಎಂಬ ಮಿತಿ ಅದರಲ್ಲಿಲ್ಲ. ಹಣಕ್ಕಾಗಿ ಈ ವ್ಯಕ್ತಿ ತಪ್ಪು ದಾರಿ ಹಿಡಿಯಬಹುದೇ, ಇವರ ವಿವೇಚನೆಯನ್ನು ನಂಬಬಹುದೇ ಎಂಬುದೇ ಅಲ್ಲಿನ ಪ್ರಶ್ನೆ. ನೌಕರಿ ಹೋಗುವುದು, ಅನಿರೀಕ್ಷಿತ ಕಾಯಿಲೆ, ವಿಚ್ಛೇದನದಂತಹ ಕೈಮೀರಿದ ಕಾರಣಗಳನ್ನು ಅದು ಒಪ್ಪುತ್ತದೆ, ಆದರೆ ಆ ಕಷ್ಟದ ನಡುವೆಯೂ ಹೊಣೆಯರಿತು ನಡೆದುಕೊಂಡಿದ್ದನ್ನು ತೋರಿಸಿದರೆ ಮಾತ್ರ. ಅದನ್ನು ತೋರಿಸುವ ಹೊಣೆ ಅರ್ಜಿದಾರರದು; ಅನುಮಾನ ಉಳಿದರೆ ತೀರ್ಮಾನ ದೇಶದ ಭದ್ರತೆಯ ಪರವಾಗಿಯೇ ಆಗುತ್ತದೆ.

ಕ್ಲಿಯರೆನ್ಸ್‌ಗಾಗಿ ತುಂಬಬೇಕಾದ ಎಸ್‌ಎಫ್-86 ಅರ್ಜಿಯ 26ನೇ ವಿಭಾಗವು, ಕಳೆದ 7 ವರ್ಷಗಳಲ್ಲಿ 120 ದಿನಕ್ಕೂ ಮೀರಿ ಕಟ್ಟದೆ ಉಳಿದ ಸಾಲಗಳನ್ನು ಕೇಳುತ್ತದೆ. ಜನರ ಸಾಲದ ಇತಿಹಾಸ ದಾಖಲಿಸುವ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರೂ ಸಂಸ್ಥೆಗಳ ವರದಿಗಳನ್ನು ತರಿಸಿ, ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಬಾಕಿಯನ್ನೂ ಸೇರಿಸಿ ಬರೆದೆ. ಸಾಲವನ್ನು ವಿವರಿಸಲು ದಾರಿಯಿದೆ. ಬೇಕೆಂದೇ ಮುಚ್ಚಿಟ್ಟರೆ ಅದು ನಡತೆಯ ಪ್ರಶ್ನೆಯಾಗುವುದಲ್ಲದೆ ಅಪರಾಧವೂ ಆಗುತ್ತದೆ.

ಆದರೂ ಆಕ್ಷೇಪಗಳ ಪತ್ರ, ಅಂದರೆ ಸ್ಟೇಟ್‌ಮೆಂಟ್ ಆಫ್ ರೀಸನ್ಸ್, ಬಂದೇ ಬಂತು. ಉತ್ತರಕ್ಕೆ 20 ದಿನಗಳಿರುತ್ತವೆ. ಪ್ರತಿಯೊಂದು ಸಾಲಕ್ಕೂ ಹೌದು ಅಥವಾ ಅಲ್ಲ ಎಂದು ಬೇರೆಬೇರೆಯಾಗಿ ಉತ್ತರಿಸಬೇಕು. ಕೆಲಸ ಹೋದ ಪತ್ರ, ಆಸ್ಪತ್ರೆಯ ದಾಖಲೆಗಳು, ಲಾಭದ ಉದ್ದೇಶವಿಲ್ಲದ ಸಾಲ ಸಲಹಾ ಸಂಸ್ಥೆಯೊಂದಿಗೆ ಕುಳಿತು ಮಾಡಿದ ತಿಂಗಳ ಆಯವ್ಯಯ, ಕಂತು ಕಟ್ಟಿದ ಬ್ಯಾಂಕ್ ವಿವರಗಳು, ಇವನ್ನೆಲ್ಲ ಆಯಾ ಸಾಲದ ಕ್ರಮದಲ್ಲೇ ಲಗತ್ತಿಸಿದೆ. ನನ್ನ ಪರವಾಗಿ ಹೆಚ್ಚು ತೂಕ ಬಂದದ್ದು ಕಂತುಗಳ ತಾರೀಕುಗಳಿಗೆ ಎಂದೇ ನಾನು ನಂಬಿದ್ದೇನೆ, ಏಕೆಂದರೆ ಆಕ್ಷೇಪ ಬರುವ ಬಹಳ ಮೊದಲೇ ಸಣ್ಣ ಮೊತ್ತದಲ್ಲಾದರೂ ಅವು ತಪ್ಪದೆ ನಡೆದಿದ್ದವು. ಪತ್ರ ಕೈಗೆ ಬಂದ ಮೇಲೆ ಅವಸರದಲ್ಲಿ ಕಟ್ಟಿದ ಹಣಕ್ಕೆ ಅಷ್ಟು ಬೆಲೆ ಸಿಗುವುದಿಲ್ಲ.

ಒಂದು ಕಾರ್ಡಿನ ಬಾಕಿಯನ್ನು ಕಡಿಮೆ ಮೊತ್ತಕ್ಕೆ ಇತ್ಯರ್ಥ ಮಾಡಿಕೊಂಡೆ. ಹೀಗೆ ಬಿಟ್ಟುಕೊಟ್ಟ ಹಣವನ್ನು ತೆರಿಗೆ ಇಲಾಖೆ ಸಾಮಾನ್ಯವಾಗಿ ಆದಾಯವೆಂದು ಎಣಿಸುತ್ತದೆ. ಬಿಟ್ಟುಕೊಟ್ಟ ಮೊತ್ತವನ್ನು ತಿಳಿಸುವ 1099-ಸಿ ನಮೂನೆ ಬಂದಾಗ ಅದನ್ನು ತೆರಿಗೆ ಲೆಕ್ಕದಲ್ಲಿ ತೋರಿಸದಿದ್ದರೆ ಹಳೆಯ ಸಾಲದ ಜಾಗದಲ್ಲಿ ತೆರಿಗೆ ಬಾಕಿ ಬಂದು ಕೂರುತ್ತದೆ.

ಕ್ಲಿಯರೆನ್ಸ್ ಸಿಕ್ಕಿತು. ಈಗ ತಪಾಸಣೆ ನಿರಂತರವಾಗಿ ನಡೆಯುತ್ತದೆ. ಅದಲ್ಲದೆ, ಯಾವುದೇ ಸಾಲ 120 ದಿನ ಮೀರಿದರೆ ಸಂಸ್ಥೆಯ ಭದ್ರತಾ ಅಧಿಕಾರಿಗೆ ನಾವೇ ತಿಳಿಸಬೇಕು. ಕ್ಲಿಯರೆನ್ಸಿನ ಅತ್ಯುನ್ನತ ಹಂತವಾದ ಟಾಪ್ ಸೀಕ್ರೆಟ್‌ನಲ್ಲಿರುವವರು, ಊರಿನ ಪಿತ್ರಾರ್ಜಿತ ಜಮೀನು ಮಾರಿ ಬಂದ ಪಾಲಿನಂತಹ 10,000 ಡಾಲರ್ ಅಥವಾ ಅದಕ್ಕೂ ಹೆಚ್ಚಿನ ಹಣವನ್ನೂ ವರದಿ ಮಾಡಬೇಕಾಗುತ್ತದೆ. ಕ್ರಯಪತ್ರವನ್ನೂ ಬ್ಯಾಂಕ್ ವರ್ಗಾವಣೆಯ ರಸೀದಿಯನ್ನೂ ಆಗಲೇ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.